ಗುಜರಿಗೆ ಹೋಗುವ ಗುಡ್ಡಗಳು

ದೀಪಾವಳಿ ಸಮೀಪಿಸಿತೆಂದರೆ ಉಡುಪಿ, ಕಾರ್ಕಳ, ಕಾಪು ಪೇಟೆಗಳ ಅಂಗಡಿಗಳ ಮುಂದೆ ಒಂದೇ ಬಗೆಯ ಫಲಕಗಳು ಎದ್ದು ನಿಲ್ಲುತ್ತವೆ: ಹಳೆಯದನ್ನು ಕೊಡಿ, ಹೊಸತನ್ನು ಒಯ್ಯಿರಿ. ಘಟ್ಟದ ಬುಡದ ಮನೆಗಳ ಚಾವಡಿಯಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಕುಳಿತ ಸ್ಟೀರಿಯೋ ಸೆಟ್ಟುಗಳು ಪ್ರಾಣ ಬಿಡುವುದು ಸಾಮಾನ್ಯವಾಗಿ ಇದೇ ಕಾಲದಲ್ಲಿ. ಒಂದು ಆಂಪ್ಲಿಫೈಯರ್, ಒಂದು ಟೇಪ್ ಡೆಕ್, ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ಯಾವುದೋ ವರ್ಷ ಮನೆಯ ಹಿರಿಯರು ತಂದಿಟ್ಟದ್ದು. ಒಂದು ಬದಿಯ ಸ್ಪೀಕರು ಮೂಕವಾಗಿದೆ, ಇನ್ನೊಂದು ಗುಂಯ್‌ಗುಡುತ್ತದೆ, ಕ್ಯಾಸೆಟ್ಟು ತಿರುಗುವುದಿಲ್ಲ. ಅದನ್ನು ಪೇಟೆಗೆ ಹೊತ್ತೊಯ್ದವನಿಗೆ ದೊರೆಯುವ ಉತ್ತರ ಎಲ್ಲ ಕಡೆಯೂ ಒಂದೇ: “ಇದಕ್ಕೆ ಪಾರ್ಟ್ ಸಿಗುವುದಿಲ್ಲ ಮಾರಾಯ್ರೇ, ಹೊಸತೇ ತಗೊಳ್ಳಿ.”

ಈ ಒಂದು ವಾಕ್ಯದಲ್ಲಿ ಮೂರು ಸುಳ್ಳುಗಳು ಅಡಗಿವೆ. ಸೆಟ್ಟು ಸತ್ತಿದೆ ಎಂಬುದು ಮೊದಲನೆಯದು. ಹೊಸತು ಅದಕ್ಕಿಂತ ಮೇಲು ಎಂಬುದು ಎರಡನೆಯದು. ಹಳೆಯದು ಎಲ್ಲಿಗೋ ಹೋಗಿ ಮಾಯವಾಗುತ್ತದೆ ಎಂಬುದು ಮೂರನೆಯದು. ಗಣಿಯನ್ನು ವಿರೋಧಿಸಿದ, ಅಣೆಕಟ್ಟನ್ನು ಪ್ರಶ್ನಿಸಿದ, ಕಲ್ಲಿದ್ದಲಿನ ಹೊಗೆಯ ವಿರುದ್ಧ ಘೋಷಣೆ ಕೂಗಿದ ಜನರೂ ಈ ಮೂರು ಸುಳ್ಳುಗಳನ್ನು ಮರುಮಾತಿಲ್ಲದೆ ಒಪ್ಪಿ ಮನೆಗೆ ಹೊಸ ಪೆಟ್ಟಿಗೆ ತರುತ್ತಾರೆ ಎಂಬುದು ಪರಿಸರ ಚಳವಳಿಯು ಎದುರಿಸಲೇಬೇಕಾದ ಕಹಿ ಸತ್ಯ.

ಮೊದಲನೆಯ ಸುಳ್ಳು: ‘ಅದು ಸತ್ತಿದೆ’

ಹಳೆಯ ಆಂಪ್ಲಿಫೈಯರಿನ ಮುಚ್ಚಳ ತೆರೆದು ನೋಡಿದರೆ ತೂಕದ ಬಹುಪಾಲು ಮೂರು ವಸ್ತುಗಳಲ್ಲಿರುತ್ತದೆ: ತಾಮ್ರದ ತಂತಿ ಸುತ್ತಿದ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಶಾಖ ಹೊರಹಾಕುವ ಅಲ್ಯೂಮಿನಿಯಮ್ ರೆಕ್ಕೆಗಳು, ತಗಡಿನ ಅಥವಾ ಮರದ ಪೆಟ್ಟಿಗೆ. ಇವು ಸುಲಭವಾಗಿ ಮುಪ್ಪಾಗುವ ವಸ್ತುಗಳಲ್ಲ. ಮುಪ್ಪಾಗುವುದು ಬೆರಳೆಣಿಕೆಯ ಸಣ್ಣ ಬಿಡಿಭಾಗಗಳು ಮಾತ್ರ. ಅವುಗಳಲ್ಲಿ ಮುಖ್ಯವಾದದ್ದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರೊಳಗೆ ಒಂದು ದ್ರವವಿದೆ. ಶಾಖಕ್ಕೆ ಅದು ನಿಧಾನವಾಗಿ ಆರುತ್ತದೆ. ದ್ರವ ಆರಿದಂತೆ ಗುಂಯ್ ಎಂಬ ಸದ್ದು ಹುಟ್ಟುತ್ತದೆ, ತಗ್ಗಿನ ಸ್ವರಗಳು ಸೊರಗುತ್ತವೆ.

ಈ ಮುಪ್ಪಿಗೂ ಒಂದು ಲೆಕ್ಕವಿದೆ. ಉಷ್ಣತೆ ಹತ್ತು ಡಿಗ್ರಿ ತಗ್ಗಿದರೆ ಕೆಪಾಸಿಟರಿನ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕ್ಷೇತ್ರದ ಅಂಗೀಕೃತ ಅಂದಾಜು. 85 ಡಿಗ್ರಿಯಲ್ಲಿ 2000 ಗಂಟೆ ಬಾಳುವಂಥದ್ದು 45 ಡಿಗ್ರಿಯಲ್ಲಿ ಹದಿನಾರು ಪಟ್ಟು, ಅಂದರೆ 32,000 ಗಂಟೆ ಬಾಳಬೇಕು. ದಿನಕ್ಕೆ ನಾಲ್ಕು ಗಂಟೆ ಹಾಡು ಕೇಳುವ ಮನೆಯಲ್ಲಿ ಅದು ಸುಮಾರು 22 ವರ್ಷ. ಇಪ್ಪತ್ತೆರಡನೆಯ ವರ್ಷ ಗುಂಯ್‌ಗುಡುವ ಸೆಟ್ಟು ಸತ್ತಿಲ್ಲ. ನಿಗದಿತ ಕಾಲಕ್ಕೆ ಬದಲಾಯಿಸಬೇಕಾದ ಭಾಗವನ್ನು ಕೇಳುತ್ತಿದೆ, ಅಷ್ಟೇ. ಆ ಭಾಗದ ಬೆಲೆ ಹತ್ತಾರು ರೂಪಾಯಿಗಳಿಂದ ನೂರಿನ್ನೂರು ರೂಪಾಯಿಗಳವರೆಗೆ. ಅದು ಇಂದಿಗೂ ತಯಾರಾಗುತ್ತಿರುವ ಸಾಮಾನ್ಯ ಸರಕು. ಪಾರ್ಟ್ ಸಿಗುವುದಿಲ್ಲ ಎಂಬ ಮಾತು ಬಹುತೇಕ ಸಂದರ್ಭಗಳಲ್ಲಿ ಪಾರ್ಟ್ ಹುಡುಕುವ ಮನಸ್ಸಿಲ್ಲ ಎಂಬುದರ ಇನ್ನೊಂದು ರೂಪ.

ಉಳಿದ ಕಾಯಿಲೆಗಳೂ ಹೀಗೆಯೇ ಸರಳ. ಸ್ಪೀಕರಿನ ಕಾಗದದ ಕೋನನ್ನು ಚೌಕಟ್ಟಿಗೆ ಹಿಡಿದಿಡುವ ಫೋಮಿನ ಬಳೆ ತೇವಕ್ಕೆ ಪುಡಿಯಾಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಅದು ಬೇಗನೆ ಪುಡಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಕಾಪುವಿನ ಕಡಲ ಕರೆಯ ಮನೆಗಳಲ್ಲಿ ಉಪ್ಪುಗಾಳಿ ಸ್ವಿಚ್ಚುಗಳ, ಸಾಕೆಟ್ಟುಗಳ ಲೋಹದ ಮೇಲೆ ಕಿಲುಬು ಕಟ್ಟುತ್ತದೆ. ವಾಲ್ಯೂಮ್ ತಿರುಗಿಸಿದಾಗ ಕೇಳುವ ಕರಕರ ಸದ್ದು ಇದರದೇ. ಕಾರ್ಕಳದ ಮನೆಗಳಲ್ಲಿ ಆಟಿಯ ತಿಂಗಳು ಕಳೆಯುವಷ್ಟರಲ್ಲಿ ಕ್ಯಾಸೆಟ್ಟಿನ ಮೇಲೆ ಬೂಸಲು ಬೆಳೆದಿರುತ್ತದೆ. ಡೆಕ್ಕಿನ ರಬ್ಬರ್ ಬೆಲ್ಟು ಸಡಿಲವಾಗಿ ಹಾಡು ಎಳೆಯತೊಡಗುತ್ತದೆ. ಪೆಟ್ಟಿಗೆಯ ಬೆಚ್ಚನೆಗೆ ಬಂದ ಹಲ್ಲಿ, ಇರುವೆಗಳು ಸರ್ಕೀಟಿನ ಮೇಲೆ ಬಿದ್ದು ಸಾಯುತ್ತವೆ. ಇವುಗಳಲ್ಲಿ ಒಂದಾದರೂ ಯಂತ್ರದ ಮರಣವಲ್ಲ.

ಇಲ್ಲಿ ಒಂದು ಹೋಲಿಕೆ ಅವಶ್ಯ. ತೋಟದ ಪಂಪಿನ ಮೋಟಾರು ಸುಟ್ಟರೆ ಯಾವ ಕೃಷಿಕನೂ ಅದನ್ನು ಗುಜರಿಗೆ ಹಾಕುವುದಿಲ್ಲ. ಪೇಟೆಗೆ ಒಯ್ದು ವೈಂಡಿಂಗ್ ಮಾಡಿಸುತ್ತಾನೆ, ಬೇರಿಂಗ್ ಬದಲಾಯಿಸುತ್ತಾನೆ, ಮತ್ತೆ ಹತ್ತು ವರ್ಷ ನೀರೆತ್ತುತ್ತಾನೆ. ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನ ವಾಶರು ಹೋದರೆ ವಾಶರನ್ನಷ್ಟೇ ಹಾಕುತ್ತಾನೆ. ಇಳುವರಿ ತಗ್ಗಿದ ಹಳೆಯ ಗೇರುಮರವನ್ನೂ ಬುಡಸಹಿತ ಕೀಳದೆ ಕಾಂಡ ಕತ್ತರಿಸಿ, ಹೊಸ ಚಿಗುರಿಗೆ ಒಳ್ಳೆಯ ತಳಿಯ ಕಸಿ ಕಟ್ಟುವುದುಂಟು. ಬೇರು ಹಳೆಯದೇ, ಫಲ ಹೊಸದು. ದುಡಿಯುವ ವಸ್ತುಗಳಿಗೆ ಸಲ್ಲುವ ಈ ವಿವೇಕ ಹಾಡುವ ವಸ್ತುವಿಗೆ ಏಕೆ ಸಲ್ಲಬಾರದು? ಪಂಪಿನ ವಿಷಯದಲ್ಲಿ ರೈತ ತನ್ನ ಲೆಕ್ಕವನ್ನು ತಾನೇ ಹಾಕುತ್ತಾನೆ, ಸ್ಟೀರಿಯೋ ವಿಷಯದಲ್ಲಿ ಆ ಲೆಕ್ಕವನ್ನು ಜಾಹೀರಾತಿಗೆ ಒಪ್ಪಿಸಿಬಿಟ್ಟಿದ್ದಾನೆ. ಉತ್ತರ ಇಷ್ಟೇ.

ಎರಡನೆಯ ಸುಳ್ಳು: ‘ಹೊಸತು ಮೇಲು’

1990ರ ದಶಕದಿಂದ ಈಚೆಗೆ ಸಂಗೀತಯಂತ್ರಗಳ ಪೆಟ್ಟಿಗೆಗಳ ಮೇಲೆ ಒಂದು ವಿಚಿತ್ರ ಅಳತೆ ಮೆರೆಯಿತು: ಪಿಎಂಪಿಓ. ಅಂಗೈಯಗಲದ ಸ್ಪೀಕರುಗಳ ಮೇಲೂ ಸಾವಿರ ವಾಟ್, ಎರಡು ಸಾವಿರ ವಾಟ್ ಎಂದು ಮುದ್ರಿಸಲಾಯಿತು. ಈ ಅಳತೆಗೆ ಎಲ್ಲರೂ ಒಪ್ಪಿದ ಮಾನದಂಡವೇ ಇರಲಿಲ್ಲ. ತಯಾರಕನ ಧೈರ್ಯವೇ ಅದರ ಮಾನದಂಡ. ಅದರ ಸತ್ಯಾಸತ್ಯವನ್ನು ಹಳ್ಳಿಯ ಶಾಲಾ ಬಾಲಕನೂ ಪರೀಕ್ಷಿಸಬಲ್ಲ. ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ಯಂತ್ರವು ಗೋಡೆಯಿಂದ ಎಳೆದುಕೊಳ್ಳುವ ವಿದ್ಯುತ್ತಿನ ಪ್ರಮಾಣ ಬರೆದಿರುತ್ತದೆ. ನಲವತ್ತು ವಾಟ್ ಉಣ್ಣುವ ಯಂತ್ರ ನಿರಂತರವಾಗಿ ಸಾವಿರ ವಾಟ್ ಉಗುಳಲಾರದು. ಶಕ್ತಿಯ ನಿತ್ಯತೆಯ ನಿಯಮಕ್ಕೆ ಹಬ್ಬದ ರಿಯಾಯಿತಿ ಇಲ್ಲ.

ನಿಜವಾದ ವಾಟಿನ ಮೋಹವೂ ಬಹುಮಟ್ಟಿಗೆ ವ್ಯರ್ಥ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಧ್ವನಿ ಏರುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಅದು ಅಲ್ಪ ವ್ಯತ್ಯಾಸ. ಸದ್ದು ಎರಡು ಪಟ್ಟಾಯಿತೆಂದು ಅನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಇಪ್ಪತ್ತು ವಾಟಿನ ಹಳೆಯ ಆಂಪ್ಲಿಫೈಯರನ್ನು ಎಸೆದು ನಲವತ್ತು ವಾಟಿನದನ್ನು ತಂದವನು ಕಿವಿಗಾಗಿ ತಂದದ್ದಲ್ಲ, ಅಂಕಿಗಾಗಿ ತಂದದ್ದು. ಮರದ ಪೆಟ್ಟಿಗೆಯಲ್ಲಿ ಎಂಟಿಂಚಿನ ಕೋನುಳ್ಳ ಹಳೆಯ ಸ್ಪೀಕರುಗಳಲ್ಲಿ ಹಲವು ಕೇವಲ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಸದ್ದು ಕೊಡಬಲ್ಲವು. ಚಾವಡಿಯಲ್ಲಿ ಕುಳಿತು ಕೇಳುವವನಿಗೆ ಒಂದೆರಡು ವಾಟ್ ಧಾರಾಳ ಸಾಕು. ಅದಕ್ಕೂ ಮೀರಿ ಬೇಕೆನ್ನುವವನು ತಾನು ಕೇಳಲೆಂದಲ್ಲ, ನೆರೆಮನೆಗೆ ಕೇಳಿಸಲೆಂದು ಹಾಕುತ್ತಿದ್ದಾನೆ.

ಹೊಸತೆಂದು ಬರುವ ವಸ್ತುವಾದರೂ ಏನು? ಬಹುಪಾಲು ಅದು ಬ್ಯಾಟರಿ ಹೊತ್ತ ಪ್ಲಾಸ್ಟಿಕ್ ಕೊಳವೆಯಂಥ ಬ್ಲೂಟೂತ್ ಸ್ಪೀಕರು. ಎಡ ಬಲ ಎಂಬ ಭೇದವೇ ಹಲವುಗಳಲ್ಲಿ ಇಲ್ಲ. ಸ್ಟೀರಿಯೋ ಎಂಬ ಮೂಲ ಆಶಯವೇ ಅಳಿಸಿಹೋಗಿದೆ. ಒಳಗಿನ ಲಿಥಿಯಮ್ ಬ್ಯಾಟರಿ ಕೆಲವು ನೂರು ಬಾರಿ ಚಾರ್ಜ್ ಆದ ಮೇಲೆ ಕುಗ್ಗತೊಡಗುತ್ತದೆ. ಪೆಟ್ಟಿಗೆಯನ್ನು ಅಂಟಿನಿಂದ ಮುಚ್ಚಲಾಗಿರುತ್ತದೆ, ಒಡೆಯದೆ ತೆರೆಯಲಾಗದು. ಹಳೆಯ ಸೆಟ್ಟುಗಳ ಹಿಂದೆ ನಾಲ್ಕು ಸ್ಕ್ರೂ ಇರುತ್ತಿದ್ದವು. ಕೆಲವು ತಯಾರಕರು ಸರ್ಕೀಟಿನ ನಕ್ಷೆಯನ್ನೇ ಪೆಟ್ಟಿಗೆಯೊಳಗೆ ಅಂಟಿಸಿ ಕೊಡುತ್ತಿದ್ದರು. ಆ ನಾಲ್ಕು ಸ್ಕ್ರೂಗಳ ಜಾಗಕ್ಕೆ ಅಂಟು ಬಂದದ್ದು ತಂತ್ರಜ್ಞಾನದ ಪ್ರಗತಿಯಲ್ಲ, ಕೊಂಡವನ ಅಧಿಕಾರವನ್ನು ಕಿತ್ತುಕೊಂಡ ನಿರ್ಧಾರ. ತೆರೆಯಲಾಗದ ವಸ್ತುವನ್ನು ಕೊಂಡವನು ಅದರ ಒಡೆಯನಲ್ಲ. ಕೆಲವು ವರ್ಷಗಳ ಗೇಣಿದಾರ.

ಮೂರನೆಯ ಸುಳ್ಳು: ‘ಹಳೆಯದು ಹೋಗುತ್ತದೆ’

ಸ್ಪೀಕರಿನ ಹಿಂಬದಿಯಲ್ಲಿರುವ ಕಪ್ಪು ಬಳೆಯಂಥ ಅಯಸ್ಕಾಂತ ಬಹುತೇಕ ಫೆರೈಟಿನದು. ಕಬ್ಬಿಣದ ಆಕ್ಸೈಡಿಗೆ ಬೇರಿಯಮ್ ಅಥವಾ ಸ್ಟ್ರಾಂಶಿಯಮ್ ಬೆರೆಸಿ, ಒತ್ತಿ, ಸುಟ್ಟು ಮಾಡಿದ ಬಿಲ್ಲೆ ಅದು. ಕಬ್ಬಿಣ ಎಲ್ಲಿಂದ ಬರುತ್ತದೆಂಬುದನ್ನು ಕಾರ್ಕಳದವರಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಭದ್ರೆಯ ತಲೆಯ ಮೇಲೆಯೇ ಬೆಟ್ಟವನ್ನು ಬಗೆಯಿತು. ಅದಿರಿನ ರಾಡಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಪಣಂಬೂರಿಗೆ ಹರಿಯಿತು, ಅಲ್ಲಿಂದ ಹಡಗೇರಿ ವಿದೇಶಗಳಿಗೆ ಹೋಯಿತು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಬಿದ್ದಿದೆ. ದೀರ್ಘ ಹೋರಾಟದ ನಂತರ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ಗಣಿ ನಿಂತಿತು, ಕಬ್ಬಿಣದ ಹಸಿವು ನಿಂತಿತೇ? ಕುದುರೆಮುಖ ಉಳಿಯಿತೆಂದು ಸಂಭ್ರಮಿಸಿದ ಮನೆಯಿಂದ ನಾಲ್ಕು ಕಿಲೋ ತೂಕದ ಸುಸ್ಥಿತಿಯ ಟ್ರಾನ್ಸ್‌ಫಾರ್ಮರ್ ಗುಜರಿಗೆ ಹೋದರೆ, ಅದರ ಬದಲಿಗೆ ಬೇಕಾಗುವ ಕಬ್ಬಿಣ, ತಾಮ್ರಗಳಿಗಾಗಿ ಇನ್ನಾರದೋ ಗುಡ್ಡ ಬರಿದಾಗಬೇಕು. ಹೊಸ ಪುಟ್ಟ ಸ್ಪೀಕರುಗಳಲ್ಲಿ ಹಲವು ನಿಯೋಡಿಮಿಯಮ್ ಅಯಸ್ಕಾಂತದವು. ವಿರಳ ಭಸ್ಮಧಾತುಗಳ ಅತಿ ದೊಡ್ಡ ಗಣಿ ಚೀನಾದ ಒಳಮಂಗೋಲಿಯದ ಬಯಾನ್ ಓಬೋದಲ್ಲಿದೆ. ಅದರ ಅದಿರು ಸಂಸ್ಕರಣೆಯಾಗುವ ಬಾವ್‌ಟೌ ನಗರದ ಹೊರವಲಯದಲ್ಲಿ ವಿಷದ ಹೂಳಿನ ದೊಡ್ಡ ಕೆರೆಯೊಂದಿದೆ. ಬ್ಯಾಟರಿಗಳಿಗೆ ಬೇಕಾಗುವ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ ನೆಲದಿಂದ ಬರುತ್ತದೆ. ತನ್ನ ಗುಡ್ಡವನ್ನು ಉಳಿಸಿಕೊಂಡು ಪರರ ಗುಡ್ಡವನ್ನು ಮನೆಗೆ ತರುವುದಕ್ಕೆ ಪರಿಸರ ಪ್ರೇಮ ಎಂದು ಹೆಸರಿಡಲಾಗದು.

ಹಳೆಯದು ಹೋಗುವ ದಾರಿಯಾದರೂ ಯಾವುದು? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇಲೆಕ್ಟ್ರಾನಿಕ್ ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾಖಲೆ ಸೇರಿದ್ದು ಅದರಲ್ಲಿ ಶೇಕಡಾ 22.3 ಮಾತ್ರ. ಉಳಿದದ್ದರ ಒಂದು ಪಾಲು ದೆಹಲಿಯ ಸೀಲಂಪುರದಂಥ ಓಣಿಗಳಲ್ಲಿ ಬರಿಗೈಯ ಬಡವರ ಮುಂದೆ ರಾಶಿ ಬೀಳುತ್ತದೆ. ತಾಮ್ರಕ್ಕಾಗಿ ಪಿವಿಸಿ ತಂತಿಯನ್ನು ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಹಳೆಯ ಸರ್ಕೀಟುಗಳ ಬೆಸುಗೆಯಲ್ಲಿರುವ ಸೀಸ ಮಣ್ಣಿಗಿಳಿಯುತ್ತದೆ. ‘ಹೋಯಿತು’ ಎಂದರೆ ಕಣ್ಣ ಮುಂದಿನಿಂದ ಹೋಯಿತು ಎಂದಷ್ಟೇ ಅರ್ಥ.

ಕಾನೂನು ಇದನ್ನು ಎಷ್ಟರ ಮಟ್ಟಿಗೆ ತಡೆದಿದೆ? ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. ಅವುಗಳ ಪಟ್ಟಿಯಲ್ಲಿ ಟಿವಿ ಇತ್ತು, ಫ್ರಿಜ್ ಇತ್ತು, ಸ್ಟೀರಿಯೋ ಇರಲಿಲ್ಲ. 2016ರ ನಿಯಮಗಳ 21 ವಸ್ತುಗಳಲ್ಲಿಯೂ ಅದು ಸೇರಲಿಲ್ಲ. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಾದಾಗಲಷ್ಟೇ 106 ವಸ್ತುಗಳ ಪಟ್ಟಿಯಲ್ಲಿ ರೇಡಿಯೋ, ಆಂಪ್ಲಿಫೈಯರುಗಳಿಗೆ ಜಾಗ ದೊರೆಯಿತು. ಜಾಗವೇನೋ ದೊರೆಯಿತು, ಆದರೆ ಆ ನಿಯಮಗಳ ದೃಷ್ಟಿಯೇ ಪುಡಿಗಟ್ಟುವ ದೃಷ್ಟಿ. ಮರುಬಳಕೆದಾರನು ವಸ್ತುವನ್ನು ಅರೆದು ಕಬ್ಬಿಣ, ತಾಮ್ರ, ಅಲ್ಯೂಮಿನಿಯಮ್, ಚಿನ್ನ ತೆಗೆದರೆ ಅದಕ್ಕೆ ಪ್ರಮಾಣಪತ್ರವುಂಟು, ಆ ಪತ್ರಕ್ಕೆ ಮಾರುಕಟ್ಟೆಯುಂಟು. ತಯಾರಕ, ಉತ್ಪಾದಕ, ನವೀಕರಣಕಾರ, ಮರುಬಳಕೆದಾರ ಎಂಬ ನಾಲ್ಕು ವರ್ಗಗಳಿಗೆ ನೋಂದಣಿಯುಂಟು. ಕಾರ್ಕಳದ ಅಂಗಡಿಯ ಮೂಲೆಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕುಳಿತವನು ಒಂದು ಸೆಟ್ಟಿಗೆ ಇನ್ನೂ ಹತ್ತು ವರ್ಷ ಆಯುಸ್ಸು ಕೊಟ್ಟರೆ ಅವನಿಗೆ ಯಾವ ಪತ್ರವೂ ಇಲ್ಲ, ಯಾವ ಲೆಕ್ಕವೂ ಇಲ್ಲ. ತ್ಯಾಜ್ಯವನ್ನು ಹುಟ್ಟದಂತೆ ತಡೆದವನು ಲೆಕ್ಕಕ್ಕಿಲ್ಲ. ಹುಟ್ಟಿದ ತ್ಯಾಜ್ಯವನ್ನು ಅರೆದವನು ಲೆಕ್ಕಕ್ಕುಂಟು.

ಖರ್ಚಿನ ಕ್ರಮ

ದುರಸ್ತಿ ಎಂದರೆ ಕಂಡದ್ದನ್ನೆಲ್ಲ ಬದಲಾಯಿಸುವುದಲ್ಲ. ಕೈಯಲ್ಲಿ ಎರಡು ಮೂರು ಸಾವಿರ ರೂಪಾಯಿ ಮಾತ್ರ ಇರುವ ಮನೆಯವರು ಒಂದು ಕ್ರಮವನ್ನು ಪಾಲಿಸಬೇಕು: ಮೊದಲು ಹಣ ಬೇಡದ ಕೆಲಸ, ಆಮೇಲೆ ಅಲ್ಪ ಹಣದ ಕೆಲಸ, ಕೊನೆಗೆ ಸುಧಾರಣೆ.

ಹಣ ಬೇಡದ ಕೆಲಸ ಸ್ವಚ್ಛತೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಮೆತ್ತನೆಯ ಬ್ರಶ್ಶಿನಿಂದ ಧೂಳು ಹೊಡೆಯಬೇಕು. ಇಲ್ಲೊಂದು ಎಚ್ಚರಿಕೆ ಅತ್ಯವಶ್ಯ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ, ಅದನ್ನು ಸರಿಯಾಗಿ ಬರಿದುಮಾಡುವ ಕ್ರಮ ತಿಳಿಯದವರು ಒಳಗೆ ಕೈಯಿಡಕೂಡದು. ಸ್ಪೀಕರಿನ ತಂತಿಯ ತುದಿ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ, ಹೊಸದಾಗಿ ಸುಲಿದು, ಧನ ಋಣ ಅದಲುಬದಲಾಗದಂತೆ ಜೋಡಿಸಬೇಕು. ಒಂದು ಬದಿ ಅದಲುಬದಲಾದರೂ ತಗ್ಗಿನ ಸ್ವರ ಸೊರಗುತ್ತದೆ. ಸ್ಪೀಕರುಗಳನ್ನು ಕಪಾಟಿನೊಳಗಿಂದ ಹೊರತೆಗೆದು, ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ, ಟ್ವೀಟರು ಕಿವಿಯ ಮಟ್ಟಕ್ಕೆ ಬರುವಂತೆ ಇಡಬೇಕು. ಕಾವಿ ನೆಲದ ಚಾವಡಿಯಲ್ಲಿ ಸದ್ದು ಪ್ರತಿಧ್ವನಿಸಿದರೆ ಒಂದು ಚಾಪೆ ಹಾಸಿದರಾಯಿತು. ಸಾವಿರಾರು ರೂಪಾಯಿಯ ಕೇಬಲ್ ಮಾಡಲಾಗದ ಉಪಕಾರವನ್ನು ಆ ಚಾಪೆ ಮಾಡುತ್ತದೆ.

ಅಲ್ಪ ಹಣದ ಕೆಲಸದಲ್ಲಿ ಮೊದಲನೆಯದು ಸ್ವಿಚ್ಚು, ವಾಲ್ಯೂಮುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್, ಡೆಕ್ಕಿನ ಹೆಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಎರಡನೆಯದು ವಿದ್ಯುತ್ ಪೂರೈಕೆಯ ಕೆಪಾಸಿಟರುಗಳು. ಹೊಸವುಗಳ ವೋಲ್ಟೇಜ್ ಹಳೆಯದರಷ್ಟೇ ಅಥವಾ ಹೆಚ್ಚಿರಬೇಕು, ಶಾಖ ತಾಳುವ ಮಟ್ಟ 105 ಡಿಗ್ರಿಯದಾದರೆ ಉತ್ತಮ. ಮೂರನೆಯದು ಡೆಕ್ಕಿನ ಬೆಲ್ಟು. ನಾಲ್ಕನೆಯದು ಸ್ಪೀಕರಿನ ಬಳೆ. ಫೋಮಿನ ಬದಲಿಗೆ ರಬ್ಬರಿನ ಬಳೆ ಹಾಕಿಸಿದರೆ ಕರಾವಳಿಯ ತೇವಕ್ಕೆ ಹೆಚ್ಚು ಕಾಲ ತಾಳುತ್ತದೆ. ದುರಸ್ತಿಯಾದ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕದೆ, ನೂರು ವಾಟಿನ ಹಳೆಯ ತಂತಿಯ ಬಲ್ಬನ್ನು ಸೀರೀಸಿನಲ್ಲಿ ಜೋಡಿಸಿ ಮೊದಲು ಪರೀಕ್ಷಿಸಬೇಕು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸಾಮಾನ್ಯವಾಗಿ ಕ್ಷೇಮ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಸುಧಾರಣೆ ಎಂಬುದು ಕೊನೆಯ ಮೆಟ್ಟಿಲು. ಹಳೆಯ ಆಂಪ್ಲಿಫೈಯರಿನ ಹಿಂದೆ ಆಕ್ಸ್ ಎಂಬ ಸಾಕೆಟ್ಟಿದ್ದರೆ ನೂರಿನ್ನೂರು ರೂಪಾಯಿಯ ಕೇಬಲ್ಲಿನಿಂದ ಮೊಬೈಲನ್ನೋ ಕಂಪ್ಯೂಟರನ್ನೋ ಜೋಡಿಸಬಹುದು. ತಂತಿ ಬೇಡವೆನ್ನುವವರು ಕೆಲವು ನೂರು ರೂಪಾಯಿಯ ಬ್ಲೂಟೂತ್ ರಿಸೀವರನ್ನು ಅದೇ ಸಾಕೆಟ್ಟಿಗೆ ಸಿಕ್ಕಿಸಬಹುದು. ಬೇರು ಹಳೆಯದು, ಕಸಿ ಹೊಸದು. ಹೊಸ ಕಾಲದ ಯಾವ ಸೌಕರ್ಯವನ್ನೂ ಕಳೆದುಕೊಳ್ಳದೆ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವ ಮಾರ್ಗ ಇಷ್ಟು ಅಗ್ಗವಾಗಿರುವಾಗ ವಿನಿಮಯದ ಫಲಕಕ್ಕೆ ಮರುಳಾಗುವುದು ದಾರಿದ್ರ್ಯದ ಲಕ್ಷಣವಲ್ಲ, ಆಲಸ್ಯದ ಲಕ್ಷಣ.

ಎದುರು ವಾದಗಳು

ಹಳೆಯ ಆಂಪ್ಲಿಫೈಯರ್ ಹೆಚ್ಚು ವಿದ್ಯುತ್ ಕುಡಿಯುತ್ತದೆ ಎಂಬ ವಾದವಿದೆ. ಅದರಲ್ಲಿ ಸತ್ಯಾಂಶವಿದೆ. ಹೊಸ ಬಗೆಯ ಆಂಪ್ಲಿಫೈಯರುಗಳು ಮಿತವ್ಯಯಿಗಳು. ಆದರೆ 25 ವಾಟ್ ಎಳೆಯುವ ಹಳೆಯ ಸೆಟ್ಟು ದಿನಕ್ಕೆ ನಾಲ್ಕು ಗಂಟೆ ನಡೆದರೆ ವರ್ಷಕ್ಕೆ ಬಳಸುವುದು 36 ಯೂನಿಟ್ಟಿನ ಆಸುಪಾಸು. ಈ ಅಲ್ಪ ಉಳಿತಾಯಕ್ಕಾಗಿ ಹೊಸ ಯಂತ್ರದ ಗಣಿ, ಕುಲುಮೆ, ಹಡಗುಗಳ ಭಾರವನ್ನು ಹೊರುವುದು ಲಾಭದ ವ್ಯಾಪಾರವಲ್ಲ. ಆದರೂ ಎಲ್ಲೂರು, ನಂದಿಕೂರು ಪರಿಸರದಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಬೂದಿಯನ್ನು ಕಂಡ ಕಾಪುವಿನ ಜನರಿಗೆ ಯೂನಿಟ್ಟಿನ ಬೆಲೆ ಬಿಲ್ಲಿನಲ್ಲಿರುವಷ್ಟೇ ಅಲ್ಲ. ಆದುದರಿಂದ ಕೇಳದಾಗ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಗುಡುಗು ಮಿಂಚಿನ ದಿನಗಳಲ್ಲಿ ಪ್ಲಗ್ಗನ್ನೂ ಕಿತ್ತಿಡಬೇಕು. ಸೆಟ್ಟಿನ ಆಯುಸ್ಸಿಗೂ ಅದು ಒಳ್ಳೆಯದು.

ಬಿಡಿಭಾಗಗಳಲ್ಲಿ ನಕಲಿ ಹೆಚ್ಚು ಎಂಬ ವಾದವೂ ಸುಳ್ಳಲ್ಲ. ಎಸ್‌ಟಿಕೆ ಸರಣಿಯ ಐಸಿಗಳು, 2ಎನ್3055ರಂಥ ಟ್ರಾನ್ಸಿಸ್ಟರುಗಳ ನಕಲಿಗಳು ಪೇಟೆಯಲ್ಲಿವೆ. ಅದಕ್ಕೆ ಪರಿಹಾರ ನಂಬಿಕೆಯ ಅಂಗಡಿ ಮತ್ತು ಸತ್ತ ಸೆಟ್ಟುಗಳಿಂದ ಕಿತ್ತ ಅಸಲಿ ಭಾಗಗಳು. ಎಲ್ಲ ಸೆಟ್ಟನ್ನೂ ಉಳಿಸಲೇಬೇಕೆಂಬ ಹಠವೂ ಸರಿಯಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು, ಬೋರ್ಡ್ ಕರಕಲಾಗಿ, ಐಸಿ ಎಲ್ಲೂ ದೊರೆಯದಿದ್ದರೆ ಅದರ ಸ್ಪೀಕರು, ಸಾಕೆಟ್ಟು, ಗುಬುಟುಗಳನ್ನು ಇನ್ನೊಂದಕ್ಕೆ ಬಳಸಿ, ಶೇಷವನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡುವುದೇ ವಿವೇಕ. ಎಂಥ ಮುದಿ ಹಸುವನ್ನೂ ಹಟ್ಟಿಯಲ್ಲಿಟ್ಟು ಸಾಕುವ ಭಾವುಕತೆ ಇಲ್ಲಿ ಬೇಕಾಗಿಲ್ಲ, ಲೆಕ್ಕ ಸಾಕು.

ಗಂಭೀರವಾದ ವಾದ ಇನ್ನೊಂದಿದೆ: ದುರಸ್ತಿ ಮಾಡುವವರೇ ಇಲ್ಲವಲ್ಲ! ನಿಜ. ರೇಡಿಯೋ ರಿಪೇರಿಯ ಅಂಗಡಿಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾಗಿವೆ. ಹಿರಿಯ ಮೆಕ್ಯಾನಿಕ್ಕುಗಳ ಮಕ್ಕಳು ಬೇರೆ ವೃತ್ತಿ ಹಿಡಿದಿದ್ದಾರೆ. ಆದರೆ ಇದೇ ಜಿಲ್ಲೆಯ ಮಣಿಪಾಲದಲ್ಲಿ 1957ರಿಂದ ಇಂಜಿನಿಯರಿಂಗ್ ಕಲಿಸಲಾಗುತ್ತಿದೆ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ವಿಭಾಗವಿದೆ. ಇಲೆಕ್ಟ್ರಾನಿಕ್ಸಿನಲ್ಲಿ ಪದವಿ ಪಡೆದವನೂ ಅಜ್ಜನ ಮನೆಯ ರೇಡಿಯೋ ತೆರೆಯಲು ಅಂಜುವಂಥ ಶಿಕ್ಷಣದ ಬಗ್ಗೆ ವಿದ್ಯಾರ್ಥಿಗಳೇ ಪ್ರಶ್ನೆ ಎತ್ತಬೇಕು. ಯಂತ್ರದ ಸಿದ್ಧಾಂತವನ್ನು ಬಲ್ಲ ಹುಡುಗ, ಯಂತ್ರದ ಕಾಯಿಲೆಯನ್ನು ಬಲ್ಲ ಮುದುಕ, ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತ ದಿನ ಈ ವಾದ ತಾನಾಗಿಯೇ ಬಿದ್ದುಹೋಗುತ್ತದೆ.

ಕಳೆದುಹೋಗುವುದು ಯಂತ್ರವಷ್ಟೇ ಅಲ್ಲ

ಇಷ್ಟಾಗಿಯೂ ಹಣ ಮತ್ತು ಕಬ್ಬಿಣದ ಲೆಕ್ಕ ಪೂರ್ಣ ಲೆಕ್ಕವಲ್ಲ. ಕರಾವಳಿ ಮಲೆನಾಡುಗಳ ಅಟ್ಟದ ಪೆಟ್ಟಿಗೆಗಳಲ್ಲಿ ಕ್ಯಾಸೆಟ್ಟುಗಳಿವೆ. 1990ರಲ್ಲಿ ಎಳೆಯ ಪ್ರಾಯದಲ್ಲೇ ಅಗಲಿದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದ್ಯಗಳು, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಅರ್ಥಗಾರಿಕೆ, ಬೇಸಾಯದ ಗದ್ದೆಯಲ್ಲಿ ಅಜ್ಜಿ ಹೇಳಿದ ಪಾಡ್ದನ, ಮದುವೆಮನೆಯ ಶೋಭಾನೆ. ಮಾರಾಟಕ್ಕೆ ಬಂದ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇದ್ದೀತು. ಮನೆಯವರೇ ಟೇಪ್ ಒತ್ತಿ ತುಂಬಿಸಿಕೊಂಡ ಧ್ವನಿಗೆ ಜಗತ್ತಿನಲ್ಲಿ ಎರಡನೆಯ ಪ್ರತಿ ಇಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಬೆಳೆದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಇಂಥ ಧ್ವನಿಗಳನ್ನು ದಾಖಲಿಸುವ ಮಹತ್ತ್ವವನ್ನು ಬಹಳ ಹಿಂದೆಯೇ ಮನಗಂಡಿತ್ತು. ಆದರೆ ಪ್ರತಿ ಮನೆಯ ಅಜ್ಜಿಯ ದನಿಯನ್ನೂ ಯಾವ ಕೇಂದ್ರವೂ ಹುಡುಕಿ ಬರಲಾರದು.

ಆ ದನಿಯನ್ನು ಹೊರತರಬಲ್ಲ ಒಂದೇ ಯಂತ್ರ ಮನೆಯ ಹಳೆಯ ಡೆಕ್ಕು. ಬೆಲ್ಟು ಬದಲಾಯಿಸಿ, ಹೆಡ್ಡು ಒರೆಸಿ, ಅದರ ಹಿಂದಿನ ಸಾಕೆಟ್ಟಿನಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದರೆ, ಅಡಾಸಿಟಿಯಂಥ ಉಚಿತ ತಂತ್ರಾಂಶದಿಂದ ಕ್ಯಾಸೆಟ್ಟಿನಲ್ಲಿರುವುದನ್ನು ಉಳಿಸಿಕೊಳ್ಳಬಹುದು. ಡೆಕ್ಕು ಗುಜರಿಗೆ ಹೋದ ಮನೆಯಲ್ಲಿ ಕ್ಯಾಸೆಟ್ಟು ಬರಿಯ ಪ್ಲಾಸ್ಟಿಕ್. ಮುಂದಿನ ಸ್ವಚ್ಛತೆಯಲ್ಲಿ ಅದೂ ಹೋಗುತ್ತದೆ. ವಿನಿಮಯದ ಅಂಗಡಿಯಲ್ಲಿ ಹಳೆಯ ಸೆಟ್ಟಿಗೆ ಐನೂರು ರೂಪಾಯಿ ಕಳೆದು ಕೊಡುವಾಗ ಅಜ್ಜಿಯ ಪಾಡ್ದನಕ್ಕೆ ಎಷ್ಟು ಕಟ್ಟಿದರೆಂದು ಯಾರೂ ಕೇಳುವುದಿಲ್ಲ.

ಆಗಬೇಕಾದದ್ದು

ಫ್ರಾನ್ಸ್ ದೇಶ 2021ರಿಂದ ಕೆಲವು ವಸ್ತುಗಳ ಮೇಲೆ ದುರಸ್ತಿಯ ಅಂಕವನ್ನು ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿಯೂ 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು, ಅದೇ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು. ಜಾಲತಾಣದಿಂದ ಬೆಸುಗೆ ಆಗುವುದಿಲ್ಲ. ಬಿಡಿಭಾಗಗಳನ್ನು ನಿಶ್ಚಿತ ವರ್ಷಗಳವರೆಗೆ ಪೂರೈಸುವುದು, ಸರ್ಕೀಟಿನ ನಕ್ಷೆಯನ್ನು ಕೊಂಡವನಿಗೆ ಕೊಡುವುದು, ಪೆಟ್ಟಿಗೆಯನ್ನು ಅಂಟಿನ ಬದಲು ಸ್ಕ್ರೂವಿನಿಂದ ಮುಚ್ಚುವುದು, ಇವು ತಯಾರಕರ ಮೇಲೆ ಕಾನೂನಿನ ಹೊಣೆಯಾಗಬೇಕು. ಇ-ತ್ಯಾಜ್ಯದ ನಿಯಮಗಳು ಅರೆಯುವವನಿಗಿಂತ ಮೊದಲು ದುರಸ್ತಿ ಮಾಡುವವನನ್ನು ಗುರುತಿಸಬೇಕು.

ಸರ್ಕಾರ ಏಳುವವರೆಗೆ ಊರು ಮಲಗಬೇಕಾಗಿಲ್ಲ. ಪಂಚಾಯಿತಿಯ ಸಭಾಭವನದಲ್ಲೋ ಶಾಲೆಯ ಜಗಲಿಯಲ್ಲೋ ವರ್ಷಕ್ಕೆ ಎರಡು ಬಾರಿ, ಮಳೆಗಾಲದ ಮುಂಚೆ ಮತ್ತು ದೀಪಾವಳಿಯ ಮುಂಚೆ, ದುರಸ್ತಿಯ ದಿನ ನಡೆಯಲಿ. ಪೇಟೆಯ ಹಿರಿಯ ಮೆಕ್ಯಾನಿಕ್ಕಿಗೆ ತಕ್ಕ ಸಂಭಾವನೆ ಕೊಟ್ಟು ಕೂರಿಸಲಿ. ದುರಸ್ತಿಯ ಕೂಲಿಗೆ ಚೌಕಾಸಿ ಮಾಡಿ ಹೊಸ ಪೆಟ್ಟಿಗೆಗೆ ಕಂತು ಕಟ್ಟುವ ಅಭ್ಯಾಸವೇ ಈ ವೃತ್ತಿಯನ್ನು ಕೊಂದದ್ದು. ಮಣಿಪಾಲದ, ಕಾರ್ಕಳದ ವಿದ್ಯಾರ್ಥಿಗಳು ಅವರ ಪಕ್ಕದಲ್ಲಿ ಬೆಸುಗೆ ಕಡ್ಡಿ ಹಿಡಿಯಲಿ. ಊರಿನ ಸತ್ತ ಸೆಟ್ಟುಗಳ ಅಸಲಿ ಭಾಗಗಳು ಒಂದು ಡಬ್ಬಿಯಲ್ಲಿ ಸಂಗ್ರಹವಾಗಲಿ.

ಕುದುರೆಮುಖದ ಹೋರಾಟ ಗೆದ್ದದ್ದು ಬೆಟ್ಟವೊಂದು ಬರಿಯ ಕಬ್ಬಿಣವಲ್ಲ ಎಂದು ಜನ ಅರಿತುಕೊಂಡದ್ದರಿಂದ. ಆ ಅರಿವಿನ ಇನ್ನರ್ಧ ಬಾಕಿಯಿದೆ: ಮನೆಯೊಳಗಿನ ಕಬ್ಬಿಣವೂ ಒಂದು ಕಾಲಕ್ಕೆ ಬೆಟ್ಟವಾಗಿತ್ತು. ಈ ದೀಪಾವಳಿಗೆ ಫಲಕದ ಮುಂದೆ ನಿಂತವರು ಹಳೆಯ ಸೆಟ್ಟನ್ನು ತಿರುಗಿ ಮನೆಗೆ ಒಯ್ಯಲಿ, ಅದರ ಹಿಂದಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಲಿ.